ಹೊನ್ನೋಜ ಬರೆದ ನಾಯಕರ ಬೆನ್ನು

ಮರಳುಹಳ್ಳದ ಕಾಳಗ ಗೆದ್ದ ದೊರೆ, ಆ ಕಾಳಗದ ಚಿತ್ರ ಬರೆದವನ ಹೆಬ್ಬೆರಳನ್ನೇ ಕತ್ತರಿಸಲು ಹೊರಟರಂತೆ. ಯಾಕಿರಬಹುದು, ಊಹಿಸಿ ನೋಡೋಣ! ಬಣ್ಣ ಕೆಟ್ಟಿತ್ತೇ? ಇಲ್ಲ. ಕುದುರೆ ಕತ್ತೆಯ ಹಾಗೆ ಕಂಡಿತೇ? ಊಹೂಂ, ಅದೂ ಅಲ್ಲ. ಬಿಡಿ, ನನಗೇ ತಡೆಯೋಕಾಗ್ತಿಲ್ಲ, ಹೇಳಿಬಿಡ್ತೀನಿ.

ಹಾಲುಗುಡ್ಡದ ಪಾಳೆಯಗಾರ ಸರ್ಜಾ ನಾಯಕರಿಗೆ ರಾಜ್ಯಕ್ಕಿಂತ ತಮ್ಮ ಮೀಸೆಯ ಮೇಲೆ ಒಂದು ಹಿಡಿ ಹೆಚ್ಚು ಪ್ರೀತಿ. ಅವರು ತೀರ್ಥಯಾತ್ರೆಗೆ ಹೋಗಿದ್ದಾಗ ಚಿತ್ರಗಾರ ಹೊನ್ನೋಜ ಚಾವಡಿಯ ಗೋಡೆ ತುಂಬ ಕಾಳಗ ಬರೆದ. ಆನೆ, ಈಟಿ, ಧೂಳು, ಕಾಲಿಗೆ ಬುದ್ಧಿ ಹೇಳುವ ಶತ್ರುಗಳು! ಸುತ್ತಲ ಸೀಮೆಯ ಜನ ಬುತ್ತಿ ಕಟ್ಟಿಕೊಂಡು ನೋಡಲು ಬಂದರು.

ನಾಯಕರೂ ಬಂದರು. ಚಿತ್ರದ ನಟ್ಟನಡುವೆ ಬಿಳಿ ಕುದುರೆಯ ಮೇಲೆ ತಾವೇ. ಆದರೆ ಕಾಣುವುದೇನು? ಬೆನ್ನು, ರುಮಾಲಿನ ಹಿಂಬದಿ, ಕುದುರೆಯ ಬಾಲ!

"ನನ್ನ ಮುಖ ಎಲ್ಲೋ?"

"ಆ ಕಡೆ ಇದೆ, ಬುದ್ಧಿ," ಎಂದ ಹೊನ್ನೋಜ.

ದಳವಾಯಿ ಕಾಟಯ್ಯನಿಗೆ ಹಬ್ಬವೋ ಹಬ್ಬ. ತನ್ನನ್ನು ಆನೆಯ ಮೇಲೆ ಕೂರಿಸಿ ಬರೆ ಎಂದರೆ ಈ ಹೊನ್ನೋಜ ಒಪ್ಪಿರಲಿಲ್ಲವಲ್ಲ!

"ಬುದ್ಧಿ, ಇದು ಅವಮಾನ! ಆ ದಿನದ ತಮ್ಮ ಮುಖವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉರಿಯುವ ಕಣ್ಣು, ಕುಣಿಯುವ ಮೀಸೆ! ಇವನ ಹೆಬ್ಬೆರಳು ತೆಗೆಸಿ."

"ನಾನೂ ಕಂಡೆ!" "ನಾನೂ!" ಎಂದು ಸರದಾರರೆಲ್ಲ ದನಿಗೂಡಿಸಿದರು.

"ತೆಗೆಯಿರಿ ಬೆರಳು!" ಎಂದರು ನಾಯಕರು.

ಹೊನ್ನೋಜ ಕೈ ಹಿಂದಕ್ಕೆಳೆದುಕೊಂಡ. ಹೆಬ್ಬೆರಳು ಹೋದರೆ ಕುಂಚ ಹಿಡಿಯುವುದು ಹೇಗೆ? ಆಗ ಎದ್ದ ನೋಡಿ ವೆಂಗಪ್ಪ, ಆಸ್ಥಾನದ ವಿನೋದಗಾರ.

"ಬುದ್ಧಿ, ಬೆರಳು ಎಲ್ಲಿಗೂ ಓಡಿಹೋಗಲ್ಲ. ಮೊದಲು ಈ ಚಿತ್ರ ನನಗೆ ಅರ್ಥವಾಗಬೇಕು. ದಳವಾಯಿಗಳೇ, ನಾಯಕರ ಮುಖ ಚೆನ್ನಾಗಿ ಕಂಡಿತೇ?"

"ಅಂಗೈ ಕಂಡ ಹಾಗೆ!"

"ಮೀಸೆಯ ಎರಡೂ ತುದಿ?"

"ಎರಡೂ!"

"ಆಗ ನಾಯಕರು ಯಾವ ಕಡೆ ಮುಖ ಮಾಡಿದ್ದರು?"

"ಇದೂ ಒಂದು ಪ್ರಶ್ನೆಯೇನಯ್ಯ? ಶತ್ರುವಿನ ಕಡೆ! ಒಂದು ಗಳಿಗೆಯೂ ಆಚೆ ಈಚೆ ತಿರುಗಲಿಲ್ಲ."

"ಹಾಗಾದರೆ ಎದುರಿಗೆ ನಿಂತು ಅವರ ಮುಖ ನೋಡಿದ ತಾವು ಯಾರ ಪಾಳಯದಲ್ಲಿ ಇದ್ದಿರಿ?"

ಕಾಟಯ್ಯ ಬೆವರು ಒರೆಸಿಕೊಂಡ.

"ನಾನು... ನಾನು ನಾಯಕರಿಗಿಂತ ಮುಂದೆ ನುಗ್ಗಿದ್ದೆ. ಒಮ್ಮೆ ತಿರುಗಿ ನೋಡಿದೆ, ಅಷ್ಟೆ."

"ಓಹೋ! ಶತ್ರುವಿಗೆ ಬೆನ್ನು ಹಾಕಿ, ಮೀಸೆಯ ಎರಡೂ ತುದಿ ಕಾಣುವಷ್ಟು ಹೊತ್ತು!"

ವೆಂಗಪ್ಪ ಸರದಾರರ ಕಡೆ ತಿರುಗುವುದೇ ತಡ, "ಅಯ್ಯೋ, ಆ ಧೂಳಲ್ಲಿ ನನಗೇನೂ ಕಾಣಲಿಲ್ಲಪ್ಪ," ಎಂದ ಒಬ್ಬ. "ನನಗೆ ಮೊದಲೇ ಕಣ್ಣು ಮಂಜು," ಎಂದ ಇನ್ನೊಬ್ಬ.

"ಹೊನ್ನೋಜ, ನೀನೆಲ್ಲಿದ್ದೆ?"

"ನಾಯಕರ ಹಿಂದೆ, ನಗಾರಿ ಗಾಡಿಯ ಮೇಲೆ."

ವೆಂಗಪ್ಪ ಕೈಮುಗಿದ. "ಕೇಳಿದಿರಾ ಬುದ್ಧಿ? ಮರಳುಹಳ್ಳದಲ್ಲಿ ತಮ್ಮ ಬೆನ್ನು ಕಂಡವರು ನಮ್ಮವರು, ಮುಖ ಕಂಡವರು ಶತ್ರುಗಳು. ಚಿತ್ರದಲ್ಲಿ ಮೀಸೆ ಬೇಕೇಬೇಕು ಎಂದರೆ, ಸೋತವರ ಚಿತ್ರಗಾರನನ್ನು ಕರೆಸಿ!"

ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕು ನಕ್ಕು ಗದ್ದುಗೆಯಿಂದ ಜಾರಿದರು. ಹೆಗಲ ಶಾಲು ಹೊನ್ನೋಜನಿಗೆ, ಕೈಯ ಕಡಗ ವೆಂಗಪ್ಪನಿಗೆ ಹೋಯಿತು. ಕಾಟಯ್ಯನಿಗೂ ಒಂದು ಉಡುಗೊರೆ ಸಿಕ್ಕಿತು: ದಿನಾ ಬೆಳಗ್ಗೆ ಆ ಚಿತ್ರದ ಧೂಳು ಹೊಡೆಯುವ ಕೆಲಸ.

ಇದೆಲ್ಲ ನಡೆದದ್ದು ದುರ್ಮುಖಿ ಸಂವತ್ಸರದ ಕಾರ್ತಿಕ ಶುದ್ಧ ಪಂಚಮಿ, ಬುಧವಾರ.