ಬಾವುಟ ಕಾಣುವ ತನಕ

ಚಂಪಾಬಾಯಿಗೆ ಒಬ್ಬ ಮಗ, ನೇಮಣ್ಣ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಗುಂಜಿ ಹೆಚ್ಚಿಲ್ಲ, ಗುಂಜಿ ಕಡಿಮೆಯಿಲ್ಲ. ಇಂಥ ಪೆದ್ದರಿಗೆ ಕಡೆಗೆ ರಾಜಕುಮಾರಿ ಸಿಗುತ್ತಾಳೆಂದು ಕತೆ ಕಟ್ಟುವವರು ಹೇಳುತ್ತಾರೆ. ಹಾಗೆ ಸಿಕ್ಕವರನ್ನು ಚಂಪಾಬಾಯಿ ಕಂಡಿರಲಿಲ್ಲ.

ಒಂದು ದಿನ ಆಕೆ, ಹಾಲು ಕಾಯಿಸು, ಎದುರುಮನೆಯವರನ್ನು ಚಹಕ್ಕೆ ಕರೆ ಎಂದು ಹೇಳಿ ಹಿತ್ತಲಿಗೆ ಹೋದಳು. ಎದುರುಮನೆಯವರು ಬಾಗಿಲಲ್ಲೇ ನಿಂತಿದ್ದರು, ಒಲೆ ದೂರವಿತ್ತು. ನೇಮಣ್ಣ ಹತ್ತಿರದ ಕೆಲಸವನ್ನು ಮೊದಲು ಮುಗಿಸಿದ. ಆಕೆ ಬಂದು ನೋಡಿದರೆ ಅತಿಥಿಗಳು ಚಾಪೆಯ ಮೇಲೆ, ಹಾಲು ಇನ್ನೂ ತಣ್ಣಗೆ ಪಾತ್ರೆಯಲ್ಲಿ.

“ಎರಡೂ ಮಾಡಾಕತ್ತೀನಲ್ಲ ಅವ್ವಾ. ಯಾವ್ದು ಮೊದ್ಲು ಅಂತ ನೀ ಎಲ್ಲಿ ಹೇಳಿದಿ?”

“ಇನ್ನ ಮ್ಯಾಲೆ ನಾ ಹೇಳಿದ ಸಾಲಿನ್ಯಾಗ ಮಾಡು. ಮೊದ್ಲು ಹೇಳಿದ್ದು ಮೊದ್ಲು.”

ಆಗಲಿ ಎಂದ ನೇಮಣ್ಣ.

ಚಂಪಾಬಾಯಿಯ ಕಸುಬು ಆಸ್ಪತ್ರೆಯ ಯಂತ್ರಗಳಿಗೆ ಕರ್ನೆಲ್ ಬರೆಯುವುದು. ಅಂದರೆ, ಯಂತ್ರದೊಳಗೆ ಯಾರು ಯಾವ ಕೆಲಸ ಮಾಡಬೇಕೆಂದು ಅಪ್ಪಣೆ ಕೊಡುವ ಮೂಲ ಪ್ರೋಗ್ರಾಂ. ಆ ವರ್ಷ ಆಕೆ, ಅವಧಿಗೆ ಮುಂಚೆ ಹುಟ್ಟುವ ಕೂಸುಗಳನ್ನು ಬೆಚ್ಚಗಿಡುವ ತೊಟ್ಟಿಲೊಂದನ್ನು ಸಿದ್ಧಪಡಿಸುತ್ತಿದ್ದಳು. ಮಗಳು ಕುಸುಮಾಳ ಮೊದಲ ಕೂಸು ಅಂಥ ತೊಟ್ಟಿಲಿಲ್ಲದೆ ಉಳಿದಿರಲಿಲ್ಲ. ಈಗ ಕುಸುಮಾ ಮತ್ತೆ ಬಸುರಿ, ಮತ್ತೆ ದಿನ ತುಂಬುವ ಮೊದಲೇ ನೋವು. ತೊಟ್ಟಿಲು ಬೇಗ ಬೇಕಿತ್ತು, ತಪ್ಪಿಲ್ಲದೆ ಬೇಕಿತ್ತು.

ತೊಟ್ಟಿಲಿನ ಪ್ರೊಸೆಸರಿನಲ್ಲಿ, ಇಬ್ಬರು ಆಳುಗಳಿದ್ದಂತೆ, ಎರಡು ಕೋರ್‌ಗಳು. ಮೊದಲನೆಯದು ಕೂಸಿನ ಮೈಶಾಖವನ್ನು ಅಳೆದು, ಅಂಕಿಯನ್ನು ಮೆಮೊರಿಯಲ್ಲಿಟ್ಟು, ಇಟ್ಟಾಯಿತೆಂದು ಬಾವುಟ, ಅಂದರೆ ಮೆಮೊರಿಯಲ್ಲೇ ಒಂದು ಗುರುತು, ಎತ್ತಬೇಕು. ಎರಡನೆಯದು ಬಾವುಟ ಕಂಡು, ಅಂಕಿಯನ್ನೋದಿ, ಹೀಟರನ್ನು ಉರಿಸಬೇಕು ಇಲ್ಲವೇ ಆರಿಸಬೇಕು. ಕೈ ಸಾಲದೆ ಆಕೆ ಈ ಭಾಗವನ್ನು ಮಗನಿಗೆ ಕೊಟ್ಟಳು. ಅವನು ಅವ್ವ ಹೇಳಿದ ಸಾಲಿನಲ್ಲೇ ಬರೆದ: ಮೊದಲು ಅಂಕಿ, ಆಮೇಲೆ ಬಾವುಟ.

ತೊಟ್ಟಿಲಲ್ಲಿ ರಬ್ಬರಿನ ಗೊಂಬೆಯನ್ನು ಮಲಗಿಸಿ ನೋಡಿದರು. ಒಮ್ಮೆ ಬಾವುಟ ಮೊದಲು ಎದ್ದಿತು, ಅಂಕಿ ಆಮೇಲೆ ಬಂತು. ಎರಡನೆಯ ಕೋರ್ ಹಳೆಯ ಅಂಕಿಯನ್ನೋದಿ, ಗೊಂಬೆ ಇನ್ನೂ ತಣ್ಣಗಿದೆಯೆಂದು ತಿಳಿದು ಬಿಸಿ ಏರಿಸಿತು. ಮುಂದಿನ ಸಲ ಅಳೆಯುವಷ್ಟರಲ್ಲಿ ಗೊಂಬೆಯ ಒಂದು ಕಿವಿ ಕರಗಿತ್ತು.

ನೇಮಣ್ಣ ತನ್ನ ಸಾಲುಗಳನ್ನು ಬೆರಳಿಟ್ಟು ತೋರಿಸಿದ. ಸಾಲುಗಳು ಸರಿಯಾಗಿಯೇ ಇದ್ದವು. ಚಂಪಾಬಾಯಿ ಗೊಂಬೆಯನ್ನು ಎತ್ತಿ ಪಕ್ಕಕ್ಕಿಟ್ಟಳು.

“ಪ್ರೊಸೆಸರೂ ನಿನ್ನಂಥಾದ್ದ ಮಗನ. ಕೈಗೆ ಹತ್ರ ಇದ್ದದ್ದು ಮೊದ್ಲು ಮುಗಿಸ್ತದ. ನಡುವ ಒಂದು ತಡಿ ಹಾಕು. ಮೊದಲಿನ ಕೆಲಸ ಮುಗಿಯೂತನ ಮುಂದಿಂದು ದಾಟಬಾರ್ದು.”

ಮೆಮೊರಿ ಬ್ಯಾರಿಯರ್ ಎಂಬ ಆ ತಡೆಯನ್ನು ನೇಮಣ್ಣ ಹಾಕಿದ. ಸಾಲುಸಾಲಿನ ನಡುವೆಯೂ ಹಾಕಿದ, ಇಡುವ ಕಡೆಗೂ ಹಾಕಿದ, ಓದುವ ಕಡೆಗೂ ಹಾಕಿದ. ಪ್ರತಿ ಹೆಜ್ಜೆಗೂ ನಿಂತು ನಿಂತು, ಗೊಂಬೆ ಪೂರಾ ತಣ್ಣಗಾದ ಮೇಲೆ ತೊಟ್ಟಿಲು ಹೀಟರ್ ಹಚ್ಚಿತು.

“ಓಣಿಗೊಂದು ನಾಕಾ ಹಾಕಿದ್ರ ಊರಾಗ ಬಂಡಿ ಓಡ್ತಾವೇನೋ?” ಎಂದು ಬೈದು, ಅಂಕಿ ಇಡುವುದಕ್ಕೂ ಬಾವುಟ ಎತ್ತುವುದಕ್ಕೂ ನಡುವೆ ಒಂದಿರಲಿ ಎಂದಳು.

ನೇಮಣ್ಣ ಮಿಕ್ಕದ್ದೆಲ್ಲವನ್ನೂ ಕಿತ್ತುಹಾಕಿ ಅದೊಂದನ್ನೇ ಉಳಿಸಿದ. ಬೆಳಗಿನಿಂದ ಗೊಂಬೆ ಸುಖವಾಗಿತ್ತು. ಸಂಜೆಗೆ ಎರಡನೆಯ ಕಿವಿಯೂ ಹೋಯಿತು. ಓದುವ ಕೋರ್, ಹೇಗೂ ಬೇಕಾಗುತ್ತದೆಂದು, ಬಾವುಟ ನೋಡುವ ಮೊದಲೇ ಅಂಕಿಯನ್ನು ಇಣುಕಿ ನೋಡಿಟ್ಟುಕೊಂಡಿತ್ತು. ಬಾವುಟವೇನೋ ಹೊಸದು; ಕೈಯಲ್ಲಿದ್ದ ಅಂಕಿ ಹಳೆಯದು.

“ಇಡಾವನಿಗಷ್ಟ ಶಿಸ್ತಿದ್ರ ಸಾಲೂದಿಲ್ಲೋ. ಓದಾವನಿಗೂ ಇರಬೇಕು. ಬಾವುಟ ಕಾಣೂತನ ಇಣಕಬಾರ್ದು. ಕಂಡ ಮ್ಯಾಲೇನ ಅಂಕಿ ನೋಡಬೇಕು.”

ಓದುವ ಕಡೆಗೂ ಒಂದು ತಡೆ ಬಂತು. ಅಲ್ಲಿಂದಾಚೆ ಕಿವಿಯಿಲ್ಲದ ಗೊಂಬೆ ಎಷ್ಟು ದಿನ ಮಲಗಿದರೂ ಅದರ ಮೂಗು ಮೂಗಾಗಿಯೇ ಉಳಿಯಿತು. ತೊಟ್ಟಿಲು ಆಸ್ಪತ್ರೆ ಸೇರಿತು.

ಅದೇ ವಾರ ಕುಸುಮಾ ಹಡೆದಳು. ಅಂಗೈಯಗಲದ ಹೆಣ್ಣುಕೂಸು ತೊಟ್ಟಿಲೊಳಗೆ ಮಲಗಿತು. ಚಂಪಾಬಾಯಿ ಪಕ್ಕದಲ್ಲೇ ನಿಂತು ತೊಟ್ಟಿಲಿನ ಪರದೆಯ ಮೇಲಿನ ಅಂಕಿಯನ್ನು ನೋಡುತ್ತಿದ್ದಳು. ಅಂಕಿಯನ್ನು ನಂಬದೆ ಕೂಸಿನ ಎದೆಯನ್ನೂ ನೋಡುತ್ತಿದ್ದಳು. ಬೀಗರೆಲ್ಲ ಕಿಟಕಿಯ ಗಾಜಿನಾಚೆಯಿಂದ ಕೂಸನ್ನು ನೋಡಿದರು. ನೇಮಣ್ಣ ಮಾತ್ರ ಗೋಡೆಗೆ ಮುಖಮಾಡಿ ಕಣ್ಣುಮುಚ್ಚಿ ಕುಳಿತಿದ್ದ. ಸೋದರಮಾವ ನಾಚಿಕೊಂಡಾನ ಎಂದು ಬೀಗಿತ್ತಿ ನಕ್ಕಳು. ಅವನು ಕದಲಲಿಲ್ಲ.

ಮಧ್ಯಾಹ್ನದ ಮೇಲೆ ಡಾಕ್ಟರು, ಉಸಿರು ನೆಟ್ಟಗಿದೆ, ಇನ್ನು ಭಯವಿಲ್ಲ ಎಂದರು. ಚಂಪಾಬಾಯಿ ಹೊರಗೆ ಬಂದು, ಇದೇನು ಸೋಗು ಎಂದು ಮಗನನ್ನು ಗದರಿದಳು.

“ಬಾವುಟ ಎತ್ತಿಲ್ಲಲ್ಲ ಅವ್ವಾ. ಹೋದ ಸಲ ಮುಂಚೇನ ಇಣಕಿ, ಕೂಸು ಉಳೀತು ಅಂತ ಓಣಿಗೆಲ್ಲ ಹೇಳಿ ಬಂದಿದ್ದೆ.”

ಆಕೆ ಕೈಚೀಲದಿಂದ, ಕೂಸಿನ ತಲೆ-ಬೆನ್ನು ಮುಚ್ಚುವ ಒಂದು ಕುಂಚಿಗೆ ತೆಗೆದಳು. ಹೋದ ಸಲ ಹೊಲಿದದ್ದು, ಪೆಟ್ಟಿಗೆಯಲ್ಲೇ ಉಳಿದಿದ್ದ ಕೆಂಪು ಕುಂಚಿಗೆ. ಅದನ್ನು ಎತ್ತಿ ಹಿಡಿದು, ಎತ್ತಿದ್ದೇನೆ ನೋಡು ಎಂದಳು. ಗೋಡೆ ನೋಡುವವನಿಗೆ ಬೆನ್ನ ಹಿಂದಿನ ಬಾವುಟ ಕಂಡೀತೆ? ಆಕೆಯೇ ಗೋಡೆಗೂ ಮಗನಿಗೂ ನಡುವೆ ತೂರಿ ನಿಂತು, ಕಣ್ಣು ಬಿಡಿಸಿ, ಕುಂಚಿಗೆಯನ್ನು ಅವನ ಮೂಗಿನ ಮುಂದೆ ಹಿಡಿಯಬೇಕಾಯಿತು.

ನೇಮಣ್ಣ ಎದ್ದ. ಗಾಜಿಗೆ ಹಣೆ ಹಚ್ಚಿ ಒಂದೇ ಚಿತ್ತದಿಂದ ನೋಡಿದ.

“ಮೂವತ್ತಾರೂವರಿ. ಅಂಕಿ ಸರಿ ಐತವ್ವಾ,” ಎಂದು ಮತ್ತೆ ಗೋಡೆಯತ್ತ ತಿರುಗಿದ.

“ಕೂಸು ನೋಡಿದೇನೋ?”

“ಕೂಸು ನೋಡು ಅಂತ ನೀ ಎಲ್ಲಿ ಹೇಳಿದಿ?”