ಕಲ್ಲುದಾರಿ ಗೆದ್ದ ಮರುದಿನ

ಕಲ್ಲುದಾರಿಯ ಸೈಕಲ್ ಓಟ ಗೆದ್ದ ಮರುದಿನ ಬೆಳಿಗ್ಗೆ ಲಗಮಣ್ಣ ಹೊಳೆದಂಡೆಯ ಆಶ್ರಮಕ್ಕೆ ಬಂದ. ಬಗಲಲ್ಲಿ ಒಂದು ಕಲ್ಲಿತ್ತು.

ಅದೇ ಬಹುಮಾನ. ಹಿಂದೆ ಯಾವುದೋ ಸುಲ್ತಾನರ ಕಾಲದಲ್ಲಿ ತೋಪಿನ ಗಾಡಿಗಳು ಕೆಸರಿನಲ್ಲಿ ಹೂತುಹೋಗದಿರಲೆಂದು ಹಾಸಿದ ದಾರಿಯ ಕಲ್ಲು. ಡಾಂಬರು ರಸ್ತೆಯ ಮೇಲೆ ಹಾರಿಕೊಂಡು ಬಂದ ಸೈಕಲ್ಲುಗಳು ಕೊನೆಗೆ ಆ ದಾರಿಯನ್ನೇ ಹಿಡಿಯಬೇಕು. ಅಲ್ಲಿ ಕೈ ಮರಗಟ್ಟುತ್ತದೆ, ಹಲ್ಲು ಕಟಕಟಿಸುತ್ತದೆ. ಎರಡು ಕಲ್ಲಿನ ನಡುವಿನ ಸಂದಿಗೆ ಗಾಲಿ ಸಿಕ್ಕಿತೋ, ಅಲ್ಲಿಗೆ ಮುಗಿಯಿತು. ಗೆದ್ದವನಿಗೆ ಆ ದಾರಿಯದೇ ಒಂದು ಕಲ್ಲನ್ನು ಕೊಡುವುದು ರೂಢಿ.

ಬಾಗಿಲಲ್ಲಿ ಶಾಂತವ್ವ ಕಸ ಗುಡಿಸುತ್ತಿದ್ದಳು. ಆಶ್ರಮದ ಅಡುಗೆ, ಬೈಗುಳ ಎರಡೂ ಅವಳದೇ.

"ಬಂದ್ರಾ ಸಾಹೇಬ್ರು," ಅಂದಳು. "ಅದೇನು ಬಗಲಾಗ?"

"ಬಹುಮಾನ, ಶಾಂತವ್ವ."

"ಖಾರ ಅರೀಲಿಕ್ಕೆ ಛಲೋ ಐತಿ. ಒಲಿ ಹತ್ರ ಇಡು."

ಲಗಮಣ್ಣ ನಕ್ಕ. ಅವಳು ನಗಲಿಲ್ಲ.

ಗುರು ಅಡಿವೆಪ್ಪನವರು ಕಟ್ಟೆಯ ಮೇಲೆ ಹೊಳೆಗೆ ಮುಖ ಮಾಡಿ ಕೂತಿದ್ದರು. ಒಂದು ಕಾಲಕ್ಕೆ ಅವರೂ ಸವಾರರೇ. ಮೊಣಕಾಲು ಸೋತ ಮೇಲೆ ಇಲ್ಲಿಗೆ ಬಂದು ಕೂತರು. ಕಲಿಯಲು ಬಂದವರಿಗೆ ಸೈಕಲ್ ತುಳಿಯುವುದನ್ನೂ ಸುಮ್ಮನಿರುವುದನ್ನೂ ಕಲಿಸಿದರು. ಮೊದಲನೆಯದನ್ನು ಬಹಳ ಜನ ಕಲಿತರು.

ಲಗಮಣ್ಣ ಕಲ್ಲನ್ನು ಅವರ ಪಾದದ ಬಳಿ ಇಟ್ಟು ಅಡ್ಡಬಿದ್ದ. ತಲೆಯ ಮೇಲೆ ಕೈ ಬಂತು. ಎಡಗೈ.

ಗುರುಗಳು ಎಡಗೈಯಿಂದ ಎಂದೂ ಹರಸಿದವರಲ್ಲ. ಅವನು ತಲೆಯೆತ್ತಿದ. ಬಲಗೈ ಮಡಿಲಲ್ಲಿತ್ತು, ಮಣಿಕಟ್ಟಿಗೆ ಅರಿಷಿಣ ಹಚ್ಚಿ ಬಟ್ಟೆ ಸುತ್ತಿತ್ತು.

"ಕೈಗೇನಾತ್ರಿ?"

"ಉಳುಕೇತಿ."

"ಹೆಂಗ?"

"ಚಾಚಿದ್ದೆ."

ಲಗಮಣ್ಣ ಮುಂದೆ ಕೇಳಲಿಲ್ಲ. ಅವನ ಎದೆಯಲ್ಲಿ ನಿನ್ನೆಯಿಂದ ಬೇರೊಂದು ಮಾತು ಕುದಿಯುತ್ತಿತ್ತು.

"ನೀವು ಬರಲಿಲ್ಲ," ಅಂದ.

ಗುರುಗಳು ಮಡಿಲಲ್ಲಿದ್ದ ಬಲಗೈಯನ್ನು ಸರಿಪಡಿಸಿಕೊಂಡರು.

"ಗೆಲ್ಲೂ ದಿನ ಬರ್ತೀನಿ ಅಂದಿದ್ರಿ. ಗೆರಿ ದಾಟಿದ ಕೂಡ್ಲೆ ತಲಿ ಎತ್ತಿ ಹುಡುಕಿದೆ. ಹಾರ ಹಾಕೂ ಮುಂದ ಹುಡುಕಿದೆ, ಹೆಗಲ ಮ್ಯಾಲ ಹೊತ್ತಾಗೂ ಹುಡುಕಿದೆ. ಇಡೀ ಜಿಲ್ಲಾ ಬಂದಿತ್ತು. ನೀವೊಬ್ಬರು ಇರಲಿಲ್ಲ."

ಒಳಗೆ ಒಂದು ಪಾತ್ರೆ ಧಡಾರನೆ ಸದ್ದು ಮಾಡಿತು.

"ಶಾಂತವ್ವ," ಗುರುಗಳು ತಿರುಗದೆಯೇ ಕರೆದರು, "ಪಾತ್ರಿ ಏನು ಮಾಡೇತಿ?"

"ಪಾತ್ರಿ ಏನೂ ಮಾಡಿಲ್ಲ ಬಿಡ್ರಿ," ಎಂಬ ಉತ್ತರ ಒಳಗಿನಿಂದಲೇ ಬಂತು.

ಆ ಗೆಲುವಿಗಾಗಿ ಲಗಮಣ್ಣ ಕಾದದ್ದು ಒಂದೆರಡು ವರ್ಷವಲ್ಲ. ಬೇರೆ ಓಟಗಳನ್ನೆಲ್ಲ ಗೆದ್ದಿದ್ದ. ದೊಡ್ಡ ಕಂಪನಿಯೊಂದು ಸಂಬಳ ಕೊಟ್ಟು ತನ್ನ ತಂಡದಲ್ಲಿ ಇಟ್ಟುಕೊಂಡಿತ್ತು. ಊರೂರಿನ ಹುಡುಗರು ಅವನ ಹಾಗೆಯೇ ಕತ್ತು ವಾಲಿಸಿ ಸೈಕಲ್ ತುಳಿಯುತ್ತಿದ್ದರು. ಕಲ್ಲುದಾರಿ ಮಾತ್ರ ಒಲಿಯಲಿಲ್ಲ.

ಯಾಕೆಂದು ಎಲ್ಲರಿಗೂ ಗೊತ್ತಿತ್ತು. ಯಾರಾದರೂ ಹೆಸರು ಹಿಡಿದು ಕೂಗಿದರೆ ಅವನ ತಲೆ ತಾನಾಗಿಯೇ ಏಳುತ್ತಿತ್ತು. ಒಂದು ವರ್ಷ ಎಲ್ಲರಿಗಿಂತ ಮುಂದಿದ್ದವನು ಪೇರಲಹಣ್ಣು ಮಾರುವ ಮುದುಕಿಗೆ ಕೈ ಬೀಸಲು ಹೋಗಿ ಸಂದಿಗೆ ಗಾಲಿ ಕೊಟ್ಟ. ಇನ್ನೊಂದು ವರ್ಷ ಅಪ್ಪನ ಹೆಗಲ ಮೇಲಿದ್ದ ಕೂಸು ನಕ್ಕಿತೆಂದು ತಾನೂ ನಕ್ಕ. ಭುಜದ ಎಲುಬು ಮುರಿಯಿತು. ಅವನನ್ನು ಎತ್ತಿಕೊಂಡು ಹೋದವರು ಅತ್ತರು. ಗೆದ್ದವನ ಹೆಸರು ಸಂಜೆಗೆ ಮರೆತುಹೋಗುತ್ತಿತ್ತು. ಬಿದ್ದ ಲಗಮಣ್ಣನ ಸುದ್ದಿ ಚಹಾದಂಗಡಿಗಳಲ್ಲಿ ವಾರಗಟ್ಟಲೆ ಓಡಾಡುತ್ತಿತ್ತು.

ಆದರೆ ಜನರ ಮರುಕ ಸಾಕೆನಿಸುವ ದಿನವೊಂದು ಬರುತ್ತದೆ. ಹೋದ ವರ್ಷ ಅಂಥ ದಿನ ಬಂದಾಗ ಅವನು ಇದೇ ಕಟ್ಟೆಯ ಕೆಳಗೆ ಕೂತಿದ್ದ.

"ವಯಸ್ಸಾಗಾಕತ್ತೈತ್ರಿ. ಒಮ್ಮೆ ಗೆಲ್ಲಬೇಕು."

"ಗೆದ್ದು?"

"ನಿಮಗ ತೋರಿಸಬೇಕು."

ಗುರುಗಳು ಹಿಂದೆ ಮುರಿದಿದ್ದ ಅವನ ಭುಜವನ್ನು ಮುಟ್ಟಿ ನೋಡಿದರು. ಆಮೇಲೆ "ನಾಳಿಂದ ಬಾ," ಅಂದರು.

ಮರುದಿನ ಕಲ್ಲುದಾರಿಯ ಅಂಚಿನಲ್ಲಿ ನಿಂತರು. "ಕಲ್ಲು ನೋಡಕೋತ ಹೋಗು. ಯಾರು ಕರದರೂ ನೋಡಬ್ಯಾಡ. ನಾ ಕರದರೂ ನೋಡಬ್ಯಾಡ."

ಲಗಮಣ್ಣ ಹೊರಟ. ಹತ್ತಿರ ಬಂದಾಗ ಗುರುಗಳು ಮೆಲ್ಲಗೆ ಕರೆದರು. "ಲಗಮಾ."

ಅವನು ನೋಡಿದ.

"ಇಳಿ. ಮತ್ತ ಮೊದಲಿಂದ."

ಮತ್ತೆ ಬಂದ. "ಲಗಮಾ, ಹಾವು!"

ಅವನು ನೋಡಿದ.

"ಇಳಿ."

"ಹಾವು ಅಂದ್ರಲ್ರೀ!"

"ಹಾವಿದ್ರ ಕಲ್ಲಿನ ಮ್ಯಾಲ ಇರ್ತಿತ್ತು. ನನ್ನ ಮಾರಿ ಮ್ಯಾಲ ಇರ್ತೈತೇನು?"

ಹೀಗೇ ಬೇಸಿಗೆ ಕಳೆಯಿತು, ಮಳೆಗಾಲ ಕಳೆಯಿತು. ಗುರುಗಳು ಬೈದು ಕರೆದರು, ನಕ್ಕು ಕರೆದರು, ಹಾಡಿ ಕರೆದರು. ಪ್ರತಿದಿನ ಮುಗಿದ ಮೇಲೆ ಬೆಲ್ಲದ ನೀರು ಕೊಟ್ಟರು. ಒಂದು ಸಂಜೆ, ಕಾಲು ಜಾರಿ ಬಿದ್ದವರ ದನಿಯಲ್ಲಿ, ನೋವಿನಿಂದ ಕರೆದರು.

"ಲಗಮಾ..."

ಸೈಕಲ್ಲು ಅವರ ಮುಂದೆಯೇ ಹಾದುಹೋಯಿತು. ತಲೆ ಏಳಲಿಲ್ಲ.

ದೂರ ಹೋದ ಲಗಮಣ್ಣ ಕುಣಿಯುತ್ತ ತಿರುಗಿ ಬಂದ. "ನೋಡ್ಲಿಲ್ರೀ! ಈ ಸಲ ನೋಡ್ಲಿಲ್ಲ!"

"ಹೌದು," ಅಂದರು ಗುರುಗಳು. "ನೋಡ್ಲಿಲ್ಲ."

"ಇನ್ನ ಗೆಲ್ತೀನೇನ್ರಿ?"

"ಗೆಲ್ತಿ."

"ನೀವು ಬರ್ತೀರಿ?"

"ಗೆಲ್ಲೂ ದಿನ ಬರ್ತೀನಿ."

ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ದಣಿದಿರಬೇಕು ಅಂದುಕೊಂಡು ಲಗಮಣ್ಣ ಬೆಲ್ಲದ ನೀರು ಕುಡಿದು ಮನೆಗೆ ಹೋಗಿದ್ದ.

ಈಗ ಗುರುಗಳು ಪಾದದ ಬಳಿಯಿದ್ದ ಕಲ್ಲನ್ನು ನೋಡಿದರು.

"ಓಟ ಹೇಳು," ಅಂದರು.

"ಎಲ್ಲಿಂದ್ರಿ?"

"ಕಲ್ಲು ಸುರುವಾದಲ್ಲಿಂದ."

ಲಗಮಣ್ಣನ ಮುನಿಸು ಅರ್ಧ ಇಳಿಯಿತು. ಹೇಳಬೇಕೆಂದೇ ಓಡಿ ಬಂದವನು ಅವನು.

"ನನ್ನ ಮುಂದ ಇಬ್ರು ಇದ್ರು. ಏರಿನ್ಯಾಗ ಒಬ್ಬವ ಸತ್ತುಹೋದ, ಅಂದ್ರ ಕಾಲು ಸತ್ವು. ನಾ ಗಾಲ್ಯಾಗ ಗಾಳಿ ಸ್ವಲ್ಪ ಕಮ್ಮಿ ಇಟ್ಟಿದ್ದೆ. ಹಿಡಿಕಿ ಸಡ್ಲ ಹಿಡದಿದ್ದೆ, ನೀವು ಹೇಳಿಧಂಗ, ಕೂಸಿನ ಕೈ ಹಿಡಧಂಗ. ಗಾಲಿ ಕಲ್ಲಿನ ಮ್ಯಾಲ ಕುಣೀಲಿಲ್ರಿ, ಹರೀತು."

"ಆಮ್ಯಾಲ?"

"ಒಡದ ಕಲ್ಲು ಬಂತು, ಮಾವಿನೆಲಿ ಆಕಾರದ್ದು. ಅದರ ಎಡಕ್ಕ ಹೋದೆ. ಅದರ ಮುಂದಿಂದು ಕರಿದು. ಅದರ ಮುಂದ ಎರಡು ಜೋಡಿ ಕಲ್ಲು, ನಡುವ ಹುಲ್ಲು. ಎಲ್ಲಾ ನೆನಪೈತ್ರಿ. ಬೇಕಾದ್ರ ಕಣ್ಣು ಮುಚ್ಚಿ ಚಿತ್ರಾ ತಗದು ತೋರಿಸ್ತೀನಿ."

"ಜನ ಇದ್ರೇನು?"

"ಜಾತ್ರಿ ಆಗಿತ್ತು."

"ಯಾರ್ಯಾರು?"

"ಯಾರಿಗೊತ್ತ್ರಿ. ಕೂಗ್ತಿದ್ರು." ಲಗಮಣ್ಣ ನಕ್ಕ. "ಪೇರಲಹಣ್ಣಿನ ಮುದುಕಿ ಆಮ್ಯಾಲ ಸಿಕ್ಕಿದ್ಲು. 'ಗೆದ್ದಿ ನನ್ನಪ್ಪಾ, ಛಲೋ ಆತು. ಆದ್ರ ಕೂಗಿ ಕೂಗಿ ಗಂಟಲ ಬಿದ್ದೋತು, ಈ ವರ್ಷ ನೀ ನನ್ನ ಕಡೆ ನೋಡ್ಲೇ ಇಲ್ಲ' ಅಂದ್ಲು. ನಿಮ್ಮ ಪಾಠ ಗಟ್ಟಿ ಕಲ್ತೀನಿ ಅಂತ ಅನ್ನಿಸ್ತು."

ಗುರುಗಳು ತಲೆಯಾಡಿಸಿದರು. "ಹುಣಸಿಮರದ ತಿರುವು ಹೆಂಗಿತ್ತು?"

"ಅಲ್ಲೇ ನೋಡ್ರಿ ಜೀವ ಹೋಗಿದ್ದು! ಒಂದು ಕುಲುಕಾಟಕ್ಕ ನೀರಿನ ಬಾಟ್ಲಿ ಜಿಗದು ಬಿತ್ತು. ನಾಲಿಗಿ ಅಂಗುಳಕ್ಕ ಅಂಟಿತ್ತು. ನಮ್ಮ ತಂಡದವ್ರು ನೀರು ಹಿಡಕೊಂಡು ನಿಂತಿದ್ದು ಇನ್ನೂ ದೂರ. ಮುಂದಿದ್ದವ ಕಾಣಾಕತ್ತಿದ್ದ, ಆದ್ರ ನನ್ನ ಕಾಲಾಗ ಏನೂ ಉಳಿದಿರಲಿಲ್ಲ. ಮುಗೀತು, ಈ ವರ್ಷಾನೂ ಮುಗೀತು ಅಂದೆ."

"ಮುಗೀಲಿಲ್ಲ."

"ಇಲ್ರಿ. ಯಾವನೋ ಮುದುಕ ಬಾಟ್ಲಿ ಹಿಡಕೊಂಡು ಕಲ್ಲಿನ ಮ್ಯಾಲೇ ಬಂದು ನಿಂತಿದ್ದ. ಹೆಸರು ಹಿಡದು ಕರದ. ಎಲ್ಲಾರೂ ಕರೀತಾರಲ್ರಿ. 'ಸರಿಯೋ ಮುದುಕಾ!' ಅಂತ ಒದರಿ ಬಾಟ್ಲಿ ಜಗ್ಗಿಕೊಂಡೆ. ಬಿಡಾಕ ತಡಾ ಮಾಡಿದ, ಕೈ ತಿರುವಿಧಂಗಾತು. ಆ ನೀರು ಇರಲಿಲ್ಲಂದ್ರ ನಾ ನಿನ್ನಿ ಎರಡನೇದವನೇ."

"ಮುದುಕ ಅಂತ ಹೆಂಗ ಗೊತ್ತಾತು? ನೋಡಿದೇನು?"

"ಮಾರಿ ನೋಡ್ಲಿಲ್ರಿ. ಕಾಲು ಕಂಡ್ವು. ಕಲ್ಲಿನ ಮ್ಯಾಲ ಬರಿಗಾಲು. ಬೆರಳು ಸೊಟ್ಟ ಆಗಿದ್ವು..."

ಲಗಮಣ್ಣನ ಮಾತು ಸ್ವಲ್ಪ ನಿಧಾನವಾಯಿತು.

"ನೀರು ಹೆಂಗಿತ್ತು?" ಗುರುಗಳು ಕೇಳಿದರು.

"ಬೆಲ್ಲದ ನೀರ್ರಿ. ಚೂರು ಉಪ್ಪು. ಹುರದ ಅಜವಾನ..."

ಅವನು ನಿಲ್ಲಿಸಿದ.

ಬೆಲ್ಲದ ನೀರನ್ನು ಎಲ್ಲರೂ ಮಾಡುತ್ತಾರೆ. ಅದಕ್ಕೆ ಅಜವಾನ ಹುರಿದು ಹಾಕುವುದನ್ನು ಅವನು ಈ ಆಶ್ರಮದಲ್ಲಿ ಬಿಟ್ಟು ಬೇರೆಲ್ಲೂ ಕಂಡಿರಲಿಲ್ಲ. ಒಂದು ವರ್ಷವಿಡೀ ಆ ನೀರನ್ನೇ ಕುಡಿದಿದ್ದ.

ಅವನ ಕಣ್ಣು ಕೆಳಗಿಳಿಯಿತು. ಈಗಷ್ಟೇ ಹಣೆ ಮುಟ್ಟಿಸಿದ ಪಾದಗಳು ಅಲ್ಲೇ ಇದ್ದವು. ಸೊಟ್ಟಗಾದ ಬೆರಳುಗಳು. ಆಮೇಲೆ ಅರಿಷಿಣದ ಬಟ್ಟೆ ಕಂಡಿತು.

ಶಾಂತವ್ವ ಬಾಗಿಲಿಗೆ ಬಂದಿದ್ದಳು.

"ನಸಕಿನ್ಯಾಗ ಎದ್ದು ತಾವೇ ಹುರದ್ರು," ಅಂದಳು. "ನಾ ಮಾಡ್ತೀನಿ ಬಿಡ್ರಿ ಅಂದ್ರ ಕೇಳ್ಲಿಲ್ಲ. ಹಾಲಿನ ಗಾಡ್ಯಾಗ ನಿಂತಕೊಂಡು ಹೋದ್ರು, ಈ ಮೊಣಕಾಲು ತಗೊಂಡು. ಬರಬೇಕಾದ್ರ ಕೈ ಹಿಡಕೊಂಡು ಬಂದ್ರು. ಕೇಳಿದ್ರ, ಹುಡುಗ ಗೆದ್ದ ಅಂತ ಅದನ್ನ ಅಷ್ಟೇ..."

"ಶಾಂತವ್ವ."

"ಆತ್ರಿ. ನಾ ಏನೂ ಹೇಳಿಲ್ಲ."

ಅವಳು ಒಳಗೆ ಹೋದಳು. ಈ ಸಲ ಯಾವ ಪಾತ್ರೆಯೂ ಸದ್ದು ಮಾಡಲಿಲ್ಲ.

ಲಗಮಣ್ಣ ಆ ಪಾದಗಳ ಬಳಿ ಕೂತ.

"ನೀವು ಬಂದಿದ್ರಿ."

"ಬರ್ತೀನಿ ಅಂದಿದ್ದೆ."

"ನನ್ನ ನೋಡಿದ್ರಿ?"

"ಬೆನ್ನು ನೋಡಿದೆ. ಮಾರಿ ಕಾಣಲಿಲ್ಲ."

"ನಿಮಗ ಮುದುಕಾ ಅಂದೆ."

"ಮುದುಕ ಹೌದಲ್ಲ."

ಗುರುಗಳು ನಕ್ಕರೆ ಅವನಿಗೆ ಹಗುರವಾಗುತ್ತಿತ್ತೇನೋ. ಅವರು ನಗಲಿಲ್ಲ.

"ನೀವೇ ಕಲಿಸಿದ್ರಿ," ಲಗಮಣ್ಣ ಅಂದ. "ನಾ ಕರದರೂ ನೋಡಬ್ಯಾಡ ಅಂತ ನೀವೇ ಹೇಳಿದ್ರಿ."

"ಹೌದು. ಪೂರಾ ಕಲ್ತಿ."

"ಹಂಗಾದ್ರ ನಂದು ತಪ್ಪಲ್ಲ."

"ತಪ್ಪಲ್ಲ."

"ಮತ್ಯಾಕ ಇಷ್ಟು ಸಂಕಟ ಆಗತೈತ್ರಿ?"

ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಟ್ಟೆ ಬಡಿದದ್ದು ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು.

"ನನಗೂ ನಿನ್ನಿಯಿಂದ ಅದೇ ಆಗೇತಿ," ಅಂದರು ಗುರುಗಳು.

ಲಗಮಣ್ಣ ತಟ್ಟನೆ ಎದ್ದ. ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಹೊಳೆಯ ಕಡೆಗೆ ನಡೆದ.

"ಎಲ್ಲಿಗಿ?"

"ಒಗೀತೀನ್ರಿ. ನನಗ ಬ್ಯಾಡ ಇದು."

"ಕಲ್ಲು ಏನು ಮಾಡೇತಿ?"

ಅವನು ನೀರಿನ ಅಂಚಿನಲ್ಲಿ ನಿಂತ. ಕೈ ಸೋಲುವವರೆಗೂ ಹಾಗೇ ನಿಂತಿದ್ದ. ಆಮೇಲೆ ತಿರುಗಿ ಬಂದು ಕಲ್ಲನ್ನು ಮೊದಲಿದ್ದಲ್ಲೇ ಇಟ್ಟ. ಗುರುಗಳು ಬಾಗಿ ಎಡಗೈಯಿಂದ ಅದರ ಮೈ ಸವರಿದರು, ಎಷ್ಟೋ ಗಾಲಿಗಳು ಹಾದು ನುಣುಪಾದ ಕಡೆ.

"ಛಲೋ ಕಲ್ಲು," ಅಂದರು.

ಅವರ ಮಣಿಕಟ್ಟಿನ ಬಟ್ಟೆ ಸಡಿಲವಾಗಿತ್ತು. ಲಗಮಣ್ಣ ಕಟ್ಟೆಯ ಕೆಳಗೆ ಕೂತು ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಬಟ್ಟೆ ಬಿಚ್ಚಿ, ಬಾವು ನೋಡಿ, ಮತ್ತೆ ಮೆಲ್ಲಗೆ ಸುತ್ತಿದ. ಗಂಟು ಹಾಕುವಾಗ ನೋವಾಯಿತೇನೋ ಎಂದು ತಲೆಯೆತ್ತಿ ಅವರ ಮುಖ ನೋಡಿದ.

ಎಷ್ಟು ದಿನವಾಗಿತ್ತೋ ಹಾಗೆ ನೋಡಿ. ಕೆನ್ನೆಗಳು ಒಳಕ್ಕೆ ಇಳಿದಿದ್ದವು. ಒಂದು ಕಣ್ಣಿನಲ್ಲಿ ಪೊರೆ ಬರತೊಡಗಿತ್ತು. ಕತ್ತಿನ ಚರ್ಮ ಹಳೆಯ ಚೀಲದಂತೆ ಜೋತಿತ್ತು. ಇದೆಲ್ಲ ಒಂದು ದಿನದಲ್ಲಿ ಆದದ್ದಲ್ಲ. ತಾನು ಕಲ್ಲು ನೋಡುತ್ತಿದ್ದ ಆ ವರ್ಷದಲ್ಲಿ, ದಾರಿಯ ಅಂಚಿನಲ್ಲಿ ನಿಂತು ಕರೆಯುತ್ತ ಕರೆಯುತ್ತ ಆದದ್ದು.

"ಮುಂದಿನ ವರ್ಷ ಮತ್ತ ಓಡಿಸ್ತೀನ್ರಿ," ಅವನು ಕೈ ಬಿಡದೆ ಹೇಳಿದ. "ಬಿದ್ರ ಬೀಳ್ತೀನಿ. ಸೋತ್ರ ಸೋಲ್ತೀನಿ. ನೀವು ಅದೇ ಹುಣಸಿಮರದ ಬುಡಕ್ಕ ನಿಲ್ರಿ. ತಲಿ ಎತ್ತಿ ನಿಮ್ಮನ್ನ ನೋಡೇ ನೋಡ್ತೀನಿ."

ಗುರುಗಳು ಅವನ ಮುಖವನ್ನು ಕಣ್ತುಂಬ ನೋಡಿದರು.

"ಮುಂದಿನ ವರ್ಷ ಅಲ್ಲಿ ಬ್ಯಾರೆ ಯಾರೋ ನಿಂತಿರ್ತಾರ," ಅಂದರು. "ಅವರನ್ನ ನೋಡು."