ಇಪ್ಪತ್ತೊಂದನೆಯ ದಿನದ ಪಾಠ

ಸಾಕವ್ವ ತನ್ನ ಹೇಂಟೆಯ ಅಡಿಯಲ್ಲಿ ಆರು ಕೋಳಿಮೊಟ್ಟೆಗಳ ಜೊತೆ ಒಂದು ಬಾತುಮೊಟ್ಟೆಯನ್ನೂ ಕಾವಿಗೆ ಇಟ್ಟಳು. ಇಪ್ಪತ್ತೊಂದನೆಯ ದಿನ ಆರು ಮರಿಗಳು ಹೊರಬಂದವು. ಹೇಂಟೆ ಎದ್ದು ನಿಂತು, "ಎಲ್ಲರೂ ಅಂಗಳಕ್ಕೆ ನಡೆಯಿರಿ, ಇಂದಿನಿಂದ ಕೆದಕುವ ಪಾಠ" ಎಂದಿತು.

"ಅಮ್ಮಾ, ಬಾತುಗಳಿಗೆ ಇಪ್ಪತ್ತೆಂಟು ದಿನ ಬೇಕು. ಇನ್ನೊಂದು ವಾರ ಕಾವು ಕೊಡು" ಎಂದಿತು ಏಳನೆಯ ಮೊಟ್ಟೆಯೊಳಗಿನ ಮರಿ.

"ಎಲ್ಲರಿಗೂ ಒಂದೇ ಕಾವು ಕೊಟ್ಟಿದ್ದೇನೆ. ನಿನಗೊಬ್ಬನಿಗೇ ಬೇರೆ ನಿಯಮ ಮಾಡಿದರೆ ಉಳಿದವರಿಗೆ ಅನ್ಯಾಯವಾಗುತ್ತದೆ" ಎಂದು ಹೇಂಟೆ ಹೊರಟುಹೋಯಿತು.

ಸಂಜೆ ಮರಳಿದಾಗ ಮೊಟ್ಟೆ ತಣ್ಣಗಾಗಿತ್ತು. ಹೇಂಟೆ ಮೂರು ಸಲ ಕರೆಯಿತು. ಒಳಗಿನಿಂದ ಉತ್ತರ ಬರಲಿಲ್ಲ.

"ನೋಡಿದಿರಾ ಮಕ್ಕಳೇ, ಕಲಿಯುವ ಮನಸ್ಸಿಲ್ಲದವರು ಹೀಗೆ ಮಲಗಿಬಿಡುತ್ತಾರೆ" ಎಂದಿತು ಹೇಂಟೆ.